ದಾಟಿಸುವ ಕೆಲಸ

ಬೆಳಗಿನ ಏಳಕ್ಕೆ ಹಳದಿ ಜಾಕೀಟು ತೊಟ್ಟು
ಮೂರನೇ ಬ್ಲಾಕಿನ ಮೆಟ್ಟಿಲ ಕೆಳಗೆ ನಿಲ್ಲುತ್ತೇನೆ.
ಸಂಬಳವಿಲ್ಲ. ಒಂದು ಸೀಟಿ ಕೊಟ್ಟಿದ್ದಾರೆ,
ಊದಿದರೆ ನಾಯಿಗಳು ಮಾತ್ರ ತಿರುಗಿ ನೋಡುತ್ತವೆ.

ಹದಿನಾಲ್ಕು ಮಕ್ಕಳು. ಇಲ್ಲೊಮ್ಮೆ ಎಣಿಸಿ
ಮೂಲೆಯಲ್ಲಿ ಮತ್ತೊಮ್ಮೆ ಎಣಿಸುತ್ತೇನೆ.
ಶಾಲೆ ಇರುವುದು ಆರುನೂರು ಹೆಜ್ಜೆ ಆಚೆ.
ನಡುವೆ ಒಂದು ರಸ್ತೆ, ಅದಕ್ಕೊಂದು ನದಿಯ ಹೆಸರು,
ನೀರು ಮಾತ್ರ ಒಡೆದ ಪೈಪಿನದು.
ಆಚೆ ದಡಕ್ಕೊಂದು ಗ್ಯಾಂಗು, ಈಚೆ ದಡಕ್ಕೊಂದು.
ಎರಡೂ ಕಡೆಯವರ ಮೂಗು ಒರೆಸಿದ ಕೈ ಇದು.
ದೋಣಿಯಿಲ್ಲದ ಅಂಬಿಗಿತ್ತಿ ನಾನು.

ಅಮ್ಮ ಹೇಳುತ್ತಿದ್ದಳು:
ಬೆಟ್ಟದ ಬುಡದಲ್ಲಿತ್ತಂತೆ ಮನೆ,
ಕಿಟಕಿ ತೆರೆದರೆ ಬಂದರಿನ ಹಡಗು ಕೂಗುವುದು ಕೇಳುತ್ತಿತ್ತಂತೆ.
ಪಕ್ಕದಲ್ಲಿ ದರ್ಜಿ, ಮಹಡಿಯಲ್ಲಿ ಅವನ ಮಗಳು ಅಳಿಯ,
ಎದುರಿಗೆ ಕಡ ಕೊಡುವ ಅಂಗಡಿ.
ಒಂದು ದಿನ ಕಾಗದ ಬಂತು:
ಈ ಬೀದಿ ಇನ್ನು ಬಿಳಿಯರದು.
ಲಾರಿ ಬಂತು. ಅದರಲ್ಲಿ ಮಂಚ ಹಿಡಿಸಲಿಲ್ಲ.
ಇಳಿಸಿದ್ದು ಇಲ್ಲಿ, ಈ ಮರಳಲ್ಲಿ.
ಕೇಪ್‌ಟೌನಿನ ಪೋಸ್ಟ್‌ಕಾರ್ಡಿನಲ್ಲಿರುವುದು ಬೆಟ್ಟದ ಮುಖ,
ನಮಗೆ ಕಾಣುವುದು ಅದರ ಬೆನ್ನು.
ದರ್ಜಿಯನ್ನು ಒಂದು ಕಡೆ ಇಳಿಸಿದರು, ಅಳಿಯನನ್ನು ಇನ್ನೊಂದು ಕಡೆ.
ಬಯ್ಯುವ ಅಜ್ಜಿಯರನ್ನು ದಿಕ್ಕಿಗೊಬ್ಬರಂತೆ ಚೆಲ್ಲಿ
ಬಯ್ಯಿಸಿಕೊಳ್ಳಬೇಕಾದ ಹುಡುಗರನ್ನು ಬೀದಿಗೆ ಬಿಟ್ಟರು.

ಎಲ್ಲೋ ಒಂದು ಮೇಜಿನ ಮೇಲೆ
ಯಾರೋ ನಕ್ಷೆಗೆ ಸ್ಕೇಲಿಟ್ಟು ಎಳೆದ ಗೆರೆ:
ಈ ಕಡೆ ರೈಲು ಹಳಿ, ಆ ಕಡೆ ಹೆದ್ದಾರಿ, ನಡುವೆ ನಾವು.
ಅವನು ಸತ್ತಿರಬೇಕು, ಹಾಸಿಗೆಯಲ್ಲೇ, ಪಿಂಚಣಿ ಉಂಡು.
ಕಾನೂನೂ ಸತ್ತಿತು.
ಗೆರೆ ಮರಿ ಹಾಕಿತು.

ತಶ್ರೀಕನಿಗೆ ಹದಿನಾರು.
ನನ್ನ ಸಾಲಿನಲ್ಲೇ ನಡೆದವನು, ಯಾವಾಗಲೂ ಒದ್ದೆ ಅಂಗೈ.
ಸಮುದ್ರ ಇಲ್ಲಿಂದ ಎಂಟು ಕಿಲೋಮೀಟರು;
ಅವನು ಕಂಡದ್ದು ಒಮ್ಮೆ, ಶಾಲೆಯ ಬಸ್ಸಿನಿಂದ.
ಟ್ಯಾಕ್ಸಿಗೆ ನನ್ನಿಂದ ಚಿಲ್ಲರೆ ಇಸಿದು ಕೆಲಸ ಕೇಳಲು ಹೋದ.
ವಿಳಾಸದ ಸಾಲು ಓದಿದ್ದೇ
ಆ ಹೆಂಗಸು ಫಾರಂ ಮಡಚಿದಳಂತೆ, ಮೆಲ್ಲಗೆ, ಕರವಸ್ತ್ರದ ಹಾಗೆ.
ಆ ತಿಂಗಳು ಮನೆಯ ಕರೆಂಟು ಹೋದಾಗ
ಮೀಟರಿಗೆ ದುಡ್ಡು ಹಾಕಿದವನು ಮೂಲೆಯ ಕರ್ಟ್ಲಿ.
ಬಿಳಿ ಶೂ ಕೊಡಿಸಿದವನೂ ಅವನೇ.
ಲೆಕ್ಕ ಬರೆದುಕೊಳ್ಳಲಿಲ್ಲ.
ಬರೆದುಕೊಳ್ಳದ ಸಾಲ ತೀರುವುದಿಲ್ಲ.

ಈಗ ತಶ್ರೀಕ್ ರಸ್ತೆ ಕಾಯುತ್ತಾನೆ.
'ಇದು ನಮ್ಮ ಜಾಗ' ಅನ್ನುತ್ತಾನೆ.
ನಿನ್ನ ಜಾಗವೇ, ಮಗನೇ?
ಮನೆ ಮುನಿಸಿಪಾಲಿಟಿಯದು, ಗೋಡೆಯ ಬಿರುಕೂ ಅವರದೇ,
ಹೂಕುಂಡ ತುಂಬುವಷ್ಟು ಮಣ್ಣಿಲ್ಲ ನಮ್ಮ ಹೆಸರಲ್ಲಿ.

ಮಂಗಳವಾರ ಆಚೆ ದಡದ ರೀಗನ್ ಬಿದ್ದ.
ರೇಡಿಯೋದವರು ಗ್ಯಾಂಗ್ ಕಾಳಗ ಅಂದು
ಅದೇ ದನಿಯಲ್ಲಿ ಗಾಳಿಯ ವೇಗ ಹೇಳಿದರು.
ರೀಗನ್ ದರ್ಜಿಯ ಮರಿಮಗ,
ತಶ್ರೀಕ್ ಅಳಿಯನ ಮೊಮ್ಮಗ.
ಒಂದೇ ಹಡಗಿನ ಕೂಗಿಗೆ ಕಿವಿಗೊಟ್ಟ ಮನೆ.
ಹುಡುಗರಿಗೆ ಇದು ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು. ಹೇಳಬಹುದಿತ್ತು,
ಯಾವತ್ತಾದರೂ, ಕೈ ಹಿಡಿದು ದಾಟಿಸುವಾಗ.
ಯಾರು ಹೊಡೆದರೆಂದು ನಾನು ಕೇಳಿಲ್ಲ.
ಆ ರಾತ್ರಿ ತಶ್ರೀಕ್ ಮೆಟ್ಟಿಲ ಮೇಲೆ
ಬರಿಗಾಲಲ್ಲಿ ಕೂತಿದ್ದ.

ಇವತ್ತು ಹದಿಮೂರು ಮಕ್ಕಳು. ರೀಗನ್ನನ ತಂಗಿಯ ಜಾಗ ಖಾಲಿ;
ಈಚೆ ದಡದ ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತಿದ್ದಳು.
ಸಾಲಿನ ಕೊನೆಯ ಪುಟ್ಟಿ ಬೋರ್ಡು ಓದಿ ಕೇಳುತ್ತಾಳೆ:
'ಆಂಟಿ ಮೈಮೂನಾ, ಈ ನದಿ ಎಲ್ಲಿಗೆ ಹೋಗುತ್ತೆ?'
ಬ್ಯಾಗು ಸರಿಮಾಡಿಕೋ, ಅಂದೆ.

ಮೂಲೆಯಲ್ಲಿ ನನ್ನನ್ನು ಕಂಡು
ತಶ್ರೀಕ್ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟ.
ಸೊಂಟದಲ್ಲಿ ಏನಿದೆಯೋ ಅದನ್ನು ಬಚ್ಚಿಡಲಿಲ್ಲ,
ಸಿಗರೇಟನ್ನು.
ನಿಂತೆ. ಸೀಟಿ ಬಾಯಿಂದ ತೆಗೆದೆ.
ಬೀದಿಯೆಲ್ಲ ಕೇಳುವ ಹಾಗೆ
ಬಯ್ಯತೊಡಗಿದೆ.