ಘನತೆವೆತ್ತ

ಹಾಳೆಯ ಮೇಲ್ತುದಿಯಲ್ಲಿ ಹದಿನಾಲ್ಕು ಹೆಸರು.
ರಾಯಭಾರಿ ಮೊದಲು, ಮಂತ್ರಿ ಆಮೇಲೆ,
ನಂತರ ಸಂಸದರೋ ಜಿಲ್ಲಾಧಿಕಾರಿಯೋ ಎಂದು
ನಿನ್ನೆ ರಾತ್ರಿ ಎಂಟರವರೆಗೂ
ವಿದ್ಯಾನಗರದ ಕಚೇರಿಯಿಂದ ತಿರುವನಂತಪುರಕ್ಕೆ ಫೋನು.

ನಾನು ಕನ್ನಡದ ಅನುವಾದಕ.
ನನ್ನ ಪಾಲಿಗೆ ಬಂದದ್ದು ಒಂದೇ ಪದ:
ಎಕ್ಸಲೆನ್ಸಿ.

ಮಹಾಮಹಿಮ ಎಂದರೆ ತಾಮ್ರಪಟದಿಂದ ಎದ್ದು ಬಂದ ಹಾಗೆ.
ಶ್ರೀಮಾನ್, ಮದುವೆ ಕಾಗದದ ಅರಸಿನದ ವಾಸನೆ.
ಘನತೆವೆತ್ತ ಎಂದು ಬರೆದೆ, ಹೊಡೆದುಹಾಕಿದೆ,
ಮತ್ತೆ ಅದನ್ನೇ ಬರೆದೆ.
ವೆತ್ತ ಎಂದರೆ ಹಳಗನ್ನಡದ ಪೆತ್ತ,
ಪಡೆದ ಎಂದೂ ಆಯಿತು, ಹೆತ್ತ ಎಂದೂ ಆಯಿತು.
ಇದನ್ನೆಲ್ಲ ಸಾಹೇಬರಿಗೆ ಹೇಳಲಿಲ್ಲ. ಟೈಪಿಗೆ ಕೊಟ್ಟೆ.

ಬೆಳಗ್ಗೆ ಪುರಭವನ.
ಮಲಯಾಳದ ಸ್ವಾಗತ ಮೊದಲು.
ಬಹುಮಾನಪ್ಪೆಟ್ಟ... ಬಹುಮಾನಪ್ಪೆಟ್ಟ...
ಎಂದಾಗಲೆಲ್ಲ
ಮುಂದಿನ ಸಾಲಿನ ಕನ್ನಡ ಶಾಲೆಯ ಮಕ್ಕಳು
ಕತ್ತು ಚಾಚಿ ಮೇಜಿನ ಮೇಲೆ ಹುಡುಕುತ್ತಿದ್ದರು
ಸ್ಟೀಲ್ ಲೋಟ, ಪ್ಲೇಟು.
ಹದಿನಾಲ್ಕು ಸಲ ಹುಡುಕಿದರು.

ಆಮೇಲೆ ನನ್ನ ಕನ್ನಡ, ಮತ್ತೆ ಹದಿನಾಲ್ಕು.
ತುಳುವಿನಲ್ಲಿ ಸೊಲ್ಮೆಲು, ಕೊಂಕಣಿಯಲ್ಲಿ ನಮಸ್ಕಾರು,
ಸಲಾಂ ಒಂದು, ಅದಕ್ಕೆ ಮಾತ್ರ ಇಡೀ ಸಭೆ ಮರುಸಲಾಂ.
ಗಂಟೆ ಒಂದೂ ಮುಕ್ಕಾಲು.
ವಿಷಯ ಇನ್ನೂ ಹೊಸಿಲು ದಾಟಿರಲಿಲ್ಲ.

ರಾಯಭಾರಿ ಎದ್ದರು. ಬರೆದು ತಂದದ್ದನ್ನು ಮಡಚಿದರು.
ವಿಮಾನ ನಿಲ್ದಾಣದಿಂದ ಬರುವಾಗ
ಡ್ರೈವರ್ ಜಾರಪ್ಪ ದಾರಿಯುದ್ದಕ್ಕೂ ಕಲಿಸಿದ್ದನಂತೆ.
ಮೈಕಿಗೆ ಬಾಗಿ, ಒಂದೊಂದೇ ಅಕ್ಷರ ಒರೆಸಿಟ್ಟ ಹಾಗೆ:
ಊಟ... ಆಯ್ತಾ?

ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ
ಹಿಂದಿನ ಬಾಗಿಲ ಬಳಿಯಿಂದ ಒಂದು ಹೆಣ್ಣುದನಿ:
ಇಲ್ಲ.

ಕುಶಲ ಕೇಳಿದ್ದಕ್ಕೆ ನಿಜ ಹೇಳುವುದುಂಟೇ ಮಾರಾಯ್ರೇ!
ಸಭೆ ತಿರುಗಿತು.
ಮೊಗ್ರಾಲಿನ ಆಯಿಸುಮ್ಮ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ.
ಅವಳು ಹೇಳಿದ್ದು ಮಲಯಾಳದಲ್ಲಿ,
ನಾವು ಕೇಳಿದ್ದು ಕನ್ನಡದಲ್ಲಿ.
ಬೋರ್ಡಿನ ಮೇಲೆ ಯಾವ ಲಿಪಿ ಮೊದಲು ಎಂದು
ಎಷ್ಟು ಸಲ ಡಾಂಬರು ಬಳಿದ ಊರು ಇದು.
ಇಲ್ಲ ಎಂಬುದಕ್ಕೆ ಮಾತ್ರ ಎರಡು ಕಡೆಯೂ ಒಂದೇ ಪದ.
ರಾಯಭಾರಿ ದುಭಾಷಿಯ ಕಡೆ ನೋಡಿದರು.
ದುಭಾಷಿ ನನ್ನ ಕಡೆ.
ನಾನು ಹಾಳೆಯ ಕಡೆ. ಹಾಳೆಯಲ್ಲಿ
ಉತ್ತರಕ್ಕೆ ಜಾಗ ಬಿಟ್ಟಿರಲಿಲ್ಲ.

ಸಭೆ ಮುಗಿದ ಮೇಲೆ ಚೀಲ ಬಿಚ್ಚಿದಳು.
ಮಗ ಅಲ್ಲಿ, ಹನ್ನೊಂದು ತಿಂಗಳ ಸಂಬಳ ಬಾಕಿ,
ಪಾಸ್‌ಪೋರ್ಟು ಅರ್ಬಾಬನ ಪೆಟ್ಟಿಗೆಯಲ್ಲಿ.
ಅರ್ಜಿ ಬರೆಯಲು ಕೂತೆ.
ಮೇಲೆ ಎಂತ ಹಾಕಲಿ ಎಂದೆ.
ನಿನಗೆ ತಿಳಿದದ್ದು ಹಾಕು ಮೋನೇ,
ಕೆಳಗೆ ಅವನ ಹೆಸರು ತಪ್ಪಿಸಬೇಡ.

ಘನತೆ, ಎಂದು ಬರೆದು ಪೆನ್ನು ನಿಂತಿತು.
ಉಳಿದ ಎರಡಕ್ಷರ
ನನ್ನೆದುರೇ, ಬಾಗಿಲ ಬಳಿ ಬಗ್ಗಿ
ಚಪ್ಪಲಿ ಹುಡುಕುತ್ತಿತ್ತು.