ಹಲ್ಕಾ ಗಿಯರ್

ಐದೂವರೆಗೆ ಕೋಂಢವಾ ದಾಟಿದಾಗ ನಾವು ಒಂಬತ್ತು ಜನ,
ಒಂದೇ ಸಾಲು. ಮುಂದಿನ ಗಾಲಿಗೂ ನನ್ನ ಗಾಲಿಗೂ
ಒಂದು ಗೇಣು ಗಾಳಿ.
ಸಮತಟ್ಟಿನಲ್ಲಿ ಎಲ್ಲರೂ ಶೂರರೇ.

ಭೋಸರಿಯ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ
ಗಿಯರಿಗೆ ಹಲ್ಲು ಕೊರೆದವನು ನಾನು.
ಕೂದಲೆಳೆಯ ಹತ್ತನೇ ಪಾಲು ತಪ್ಪಿದರೂ
ಬೆರಳ ತುದಿಗೆ ಗೊತ್ತಾಗುತ್ತಿತ್ತು.
ಯಾವ ಏರಿಗೆ ಎಷ್ಟು ಹಲ್ಲು,
ಅದನ್ನು ಮಾತ್ರ ಯಾರೂ ನನ್ನ ಕೇಳಿರಲಿಲ್ಲ.

ಯೇವಲೇವಾಡಿಯ ಮಾರ್ಬಲ್ ಅಂಗಡಿಗಳು ಮುಗಿದು
ಬೋಪದೇವ ಘಾಟಿನ ಮೊದಲ ತಿರುವು
ಕತ್ತಲೊಳಗಿಂದ ಮೊಣಕೈ ಚಾಚಿತು.
'ಹಲ್ಕಾ ಗಿಯರ್, ಕಾಕಾ, ಹಲ್ಕಾ!'
ಹಿಂದಿನಿಂದ ಕೂಗಿದವಳು ಕೇತಕಿ ಠಕಾರ,
ನನ್ನ ಮಗಳಿಗಿಂತ ಕಿರಿಯಳು.

ಮರಾಠಿಯಲ್ಲಿ ಹಲ್ಕಾ ಅಂದರೆ ಹಗುರ.
ಅಕ್ಕಲಕೋಟೆಯ ನಮ್ಮ ಓಣಿಯ ಕನ್ನಡದಲ್ಲಿ
ಅದು ಮನುಷ್ಯರಿಗೆ ಅನ್ನುವ ಮಾತು,
ಅನ್ನಿಸಿಕೊಂಡವನು ಮೂರು ದಿನ ಸರಿಯಾಗಿ ಉಣ್ಣುವುದಿಲ್ಲ.

ಉಣ್ಣದವನ ಹಾಗೇ ತುಳಿದೆ.
ಭಾರದ ಗಿಯರು, ಹಲ್ಲು ಕಚ್ಚಿ,
ಒಂದೊಂದು ಸುತ್ತೂ ಆಳದ ಬಾವಿಯಿಂದ
ಕೊಡ ಸೇದಿದಂತೆ.
ಕೇತಕಿ ಪಕ್ಕದಿಂದ ದಾಟಿ ಹೋದಳು:
ಪಾದ ಹೊಲಿಗೆ ಮಿಷಿನ್ನಿನ ಸೂಜಿ,
ನಿಮಿಷಕ್ಕೆ ತೊಂಬತ್ತು, ತೊಂಬತ್ತೈದು.
ಭುಜ ಮಾತ್ರ ಬಸ್ಸಿನಲ್ಲಿ ಸೀಟು ಸಿಕ್ಕವಳದು.
ಅವಳ ಕಾಲಿಗೆ ನನ್ನ ಕಾಲು ಹೊಂದಿಸಹೋಗಿ
ಎದೆ ಬೇರೆಯದೇ ಎಣಿಕೆ ಹಿಡಿಯಿತು.

ಎರಡನೇ ತಿರುವಿನಲ್ಲಿ ಬದಲಿಸಿದೆ. ತಡವಾಗಿತ್ತು.
ಭಾರ ಮೇಲೆ ಕೂತಿರುವಾಗ ಚೈನು ಹತ್ತುವುದಿಲ್ಲ,
ಕಟಕಟ ಕಡಿಯುತ್ತದೆ.
ಹಲ್ಲು ನಾನೇ ಕೊರೆದಿದ್ದರೂ ಕಡಿಯುತ್ತಿತ್ತು.
ಏರು ಬರುವ ಮೊದಲೇ ಹಗುರಾಗಬೇಕಿತ್ತು.
ಗೇಣು ಮೊಳವಾಯಿತು, ಮೊಳ ಮಾರಾಯಿತು.

ಮುಂದಿದ್ದವರು ಬೆಹ್ರಾಮ್‌ಜಿ, ಅರವತ್ತೆಂಟು,
ಕ್ಯಾಂಪಿನಲ್ಲಿ ಕನ್ನಡಕದ ಅಂಗಡಿ.
ತಿರುಗಿ ನೋಡಲಿಲ್ಲ. 'ಬಾ' ಅನ್ನಲಿಲ್ಲ.
ಟಿಕ್ ಎಂದಿತು ಅವರ ಹಿಂದಿನ ಗಾಲಿ.
ಇನ್ನೊಂದು ಟಿಕ್.
ಚೈನು ದೊಡ್ಡ ಚಕ್ರಕ್ಕೆ ಹತ್ತಿತು.
ಪಾದ ನಿಧಾನಿಸಲಿಲ್ಲ, ಅದೇ ಸುತ್ತು, ಅದೇ ಗತಿ.
ನಿಧಾನವಾದದ್ದು ದಾರಿ.

ಅವರ ಬೆನ್ನ ಹಿಂದೆ ನನ್ನದೇ ಎಣಿಕೆ ಸಿಕ್ಕಿತು,
ಎಪ್ಪತ್ತೆರಡೋ ಎಪ್ಪತ್ಮೂರೋ.
ಸಣ್ಣ ಸಂಖ್ಯೆ. ಉಸಿರಿಗೆ ಸಾಕಾಯಿತು.

ಮೇಲೆ, ಚಹಾದ ಗಾಡಿಯ ಹತ್ತಿರ, ಕೇಳಿದೆ:
ಅಲ್ಲಿ ಯಾಕೆ ಇಳಿಸಿದಿರಿ ಗಿಯರು?
'ಮಂಡಿ,' ಎಂದರು, ಗ್ಲಾಸನ್ನು ಎರಡೂ ಕೈಲಿ ಹಿಡಿದು.
ಅವರ ಮಂಡಿ ನೋಡಿದೆ. ಕಬ್ಬಿನ ಗಣ್ಣಿನಷ್ಟು ಗಟ್ಟಿ.

ಕೆಳಗೆ ಪುಣೆಯ ದೀಪಗಳು ಒಂದೊಂದೇ ಆರುತ್ತಿದ್ದವು.
ತಿರುವಿನಲ್ಲಿ, ಯಾವ ಗುಂಪಿನವನೋ,
ಚೈನು ಕಟಕಟ ಕಡಿಯುತ್ತಿತ್ತು.
'ಹಲ್ಕಾ!' ಎಂದು ಕೂಗಿದೆ,
ಮರಾಠಿಯಲ್ಲಿ.