ಹನ್ನೊಂದು ಸೀರಿ ಉದ್ದ

ಖಾಸಬಾಗದಾಗ ಸುಟ್ಟ ಮಗ್ಗದ ಶೆಡ್ಡಿನ ಜಾಗ.
ಟೇಪಿನ ಒಂದು ತುದಿ ನನ್ನ ಕೈಯಾಗ,
ಇನ್ನೊಂದು ತುದಿ ಹಿಡಿಯಾಕ
ಗಂಜಿ ಕೈ ಸೆರಗಿಗೆ ಒರಸಿ ಬಂದಾಕಿ ಅಂಬಕ್ಕ ಕಾಮಕರ.

"ಎಷ್ಟಾತು?"
ಅರವತ್ತು ಮೀಟರು, ಮ್ಯಾಲ ಚಿಲ್ಲರೆ.
"ಹನ್ನೊಂದು ಸೀರಿ ಅನ್ನಲಾ.
ಹಾಸು ಎಳದು ಎಳದು
ನನ್ನ ಹಿಮ್ಮಡಕ್ಕ ಗೊತ್ತೈತಿ."

ಇಲ್ಲಿ ಎರಡಂತಸ್ತು ಪಾರ್ಕಿಂಗು,
ಮ್ಯಾಲ ಮೂವತ್ತು ಮಳಿಗಿ.
ಆಕಿ ನಕ್ಷೆ ತಲೆಕೆಳಗ ಹಿಡಿದು ಕೇಳಿದಳು:
"ಇದರ ನೆರಳು ಯಾವ ಕಡೆ ಬೀಳತೈತಿ?
ತೊಯ್ದ ನೂಲಿಗೆ ಬಿಸಲು ಬೇಕು."

ಫಾರ್ಮಿನಾಗ ಒಂದು ಕಾಲಂ, ಸದ್ಯದ ಬಳಕೆ.
ರೂಢಿಯಂಗ 'ಖಾಲಿ' ಬರದೆ.
ಟೇಪು ಸುತ್ತುವಾಗ
ನೂಲಿನ ಎಳಿಯೊಂದು ಸಿಕ್ಕೊಂಡು ಒಳಗ ಹೋತು.

ಮರುದಿನ ಬ್ಯಾರೆ ವಾರ್ಡಿನಾಗ
ಹದಿನಾಲ್ಕು ಮೀಟರಿಗೇ
ಟೇಪು ನಿಂತಬಿಟ್ಟಿತು.